ಮಳೆ ಬಿಡಲಿ, ನೋಡುವ

ಅರಶಿನ ಎಲೆಯಲ್ಲಿ ಗಟ್ಟಿ ಎಂಬ ಅಕ್ಕಿಯ ಕಡುಬು ಬೇಯುವ ಪರಿಮಳ ಬಂದರೆ ಈ ಊರಿನವರಿಗೆಲ್ಲ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ.

ಈ ಸಲದ ನಾಗರಪಂಚಮಿಗೆ ನಮ್ಮ ಶಾಲೆಯ ಕನ್ನಡ ಟೀಚರ್ ಮೂಡುಬಿದಿರೆಯ ತಮ್ಮ ಮನೆಗೆ ಕರೆದಿದ್ದರು. ಬಿಸಿ ಗಟ್ಟಿಯ ಎಲೆ ಬಿಡಿಸಿ, ಒಳಗಿನ ಕಾಯಿಬೆಲ್ಲ ಜಾರದ ಹಾಗೆ ತಟ್ಟೆಗಿಟ್ಟು, "ತಿನ್ನಿ ಟೀಚರ್, ಆರಿ ಹೋಗ್ತದೆ" ಎಂದರು. ತಿಂದೆ. ಕೈ ತೊಳೆಯಲು ಹಿಂದಕ್ಕೆ ಹೋದಾಗ ವಾಷಿಂಗ್ ಮೆಷಿನ್ ಪಕ್ಕ ಒಂದು ಜೊತೆ ಹವಾಯಿ ಚಪ್ಪಲಿ ಕಂಡಿತು. ಒರೆಸಿದ ನೆಲದ ಮೇಲೆ, ಮೆಷಿನ್ನಿಗೆ ಮುಖ ಮಾಡಿ, ಯಾರೋ ಈಗಷ್ಟೇ ಬಿಟ್ಟು ಹೋದ ಹಾಗೆ.

"ಇದು ಯಾಕೆ ಇಲ್ಲಿ?" ಎಂದು ಕೇಳಿದೆ.

"ಅದಾ? ಮೆಷಿನ್ ಮುಟ್ಟಿದರೆ ಸ್ವಲ್ಪ ಜುಮ್ ಅಂತದೆ. ಮಳೆಗಾಲದಲ್ಲಿ ಮಾತ್ರ. ಚಪ್ಪಲಿ ಹಾಕಿದರೆ ಏನೂ ಇಲ್ಲ."

"ಮನೆಯವರಿಗೆ ಹೇಳಿದ್ದೀರಾ?"

"ಹೇಳಿದ್ದೇನೆ. ಮಳೆ ಬಿಡಲಿ, ನೋಡುವ ಅಂದಿದ್ದಾರೆ."

ಅವರು ನಗುತ್ತಲೇ ಹೇಳಿದರು. ಹಬ್ಬದ ಮನೆಯಲ್ಲಿ ನಾನು ಮಾತಿಗೆ ನಿಂತೆ, ಅವರ ಗಂಡನನ್ನು ಕರೆಸಿದೆ, ಪ್ಲಗ್ ಕಿತ್ತು ಮೇಲಿಟ್ಟೆ. ಅತಿಥಿಯಾಗಿ ಹೋದವಳು ಹೀಗೆ ಮಾಡಬಾರದು, ನನಗೂ ಗೊತ್ತು. ಆದರೆ ಅದೇ ಮಾತನ್ನು, ಅದೇ ಮೂರು ಪದಗಳಲ್ಲಿ, ನಾನು ಒಂದು ಇಡೀ ಮಳೆಗಾಲ ಕೇಳಿದ್ದೇನೆ.

ನಾನು ಶಿವಮೊಗ್ಗದ ಕಡೆಯವಳು. ಗಂಡ ಹರೀಶ ಬಂಟ್ವಾಳ ತಾಲೂಕಿನವರು, ಆಗ ದುಬೈಯಲ್ಲಿದ್ದರು. ಮದುವೆಯಾದ ವರ್ಷವೇ ನನಗೆ ವಾಮದಪದವಿನ ಹತ್ತಿರದ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ವರ್ಗವಾಯಿತು. ಬೇರೆ ಮನೆ ಮಾಡುವ ಮಾತೇ ಬರಲಿಲ್ಲ. ಹರೀಶರ ಅಣ್ಣ ಜಗನ್ನಾಥ ಭಾವನ ಮನೆ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಅಲ್ಲಿ ಭಾವ, ಅವರ ಹೆಂಡತಿ ಪ್ರೇಮಕ್ಕ, ಅತ್ತೆ, ಮೂರೇ ಜನ. ಜೂನ್ ಮೊದಲ ಮಳೆಯಲ್ಲಿ ನೆನೆದ ಸೂಟ್‌ಕೇಸ್ ಹಿಡಿದು ನಾನು ನಾಲ್ಕನೆಯವಳಾಗಿ ಸೇರಿದೆ.

ಮನೆ ಹೊಸದು. ಭಾವ ಕುವೈಟಿನಲ್ಲಿ ದುಡಿದು ಬಂದು ವಾಮದಪದವಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದರು. ಹಾಲ್‌ನ ಮೇಲ್ಛಾವಣಿಯ ತುಂಬ ಸಣ್ಣ ಸಣ್ಣ ದೀಪಗಳು. ಸ್ವಿಚ್ಚೊಂದು ಒತ್ತಿದರೆ ಬಣ್ಣ ಬದಲಾಯಿಸುತ್ತಿದ್ದವು. ಅಂಗಳಕ್ಕೆ ಕೆಂಪು, ಬೂದು ಇಂಟರ್‌ಲಾಕ್ ಹಾಸಿ ನಡುವೆ ತಾವರೆಯ ಆಕಾರ ಬರಿಸಿದ್ದರು. ಗಿರಾಕಿಗಳನ್ನು ಕಾರಿನಲ್ಲಿ ಕರೆದುಕೊಂಡು ಬಂದು ಅಂಗಳ ತೋರಿಸುತ್ತಿದ್ದರು. ಭಾವ ಕೆಟ್ಟವರಲ್ಲ. ಮಳೆ ಜೋರಾದ ದಿನ ಶಾಲೆಯ ಗೇಟಿನ ಹತ್ತಿರ ಕಾರು ತಂದು ಕಾಯುತ್ತಿದ್ದರು. ಇದನ್ನು ಹೇಳದಿದ್ದರೆ ಕಥೆ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ.

ಅಡುಗೆಮನೆಯ ಹಿಂದೆ ಸಿಮೆಂಟ್ ನೆಲದ ಒಂದು ಕೆಲಸದ ಜಾಗ. ಅಲ್ಲಿ ಗ್ರೈಂಡರ್, ವಾಷಿಂಗ್ ಮೆಷಿನ್, ಬಟ್ಟೆ ಒಗೆಯುವ ಕಲ್ಲು. ಮನೆಯ ಟೈಲ್ಸ್ ಅಲ್ಲಿಯವರೆಗೆ ಬಂದಿರಲಿಲ್ಲ. ಬಂದ ಮರುದಿನ ಬೆಳಿಗ್ಗೆ ದೋಸೆಗೆ ಅರೆಯಲು ಪ್ರೇಮಕ್ಕನಿಗೆ ಕೈ ಜೋಡಿಸಲು ಹೋದೆ. ಗ್ರೈಂಡರಿನ ಸ್ಟೀಲ್ ಮೈಗೆ ಬೆರಳು ತಾಗಿದ್ದೇ ತಡ, ಮೊಣಕೈವರೆಗೆ ಇರುವೆ ಹರಿದಂತಾಯಿತು. ಕೈ ಕಿತ್ತುಕೊಂಡೆ.

ಪ್ರೇಮಕ್ಕ ನಕ್ಕರು. "ಚಪ್ಪಲಿ ಹಾಕು ಮಾರಾಯ್ತಿ. ನಿನಗೆ ಹೇಳಲಿಕ್ಕೆ ಮರೆತೆ."

ಗ್ರೈಂಡರಿನ ಕೆಳಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇತ್ತು. ಹೊರಗೆ ಹಾಕುವುದಲ್ಲ, ಗ್ರೈಂಡರಿಗೆಂದೇ ಇಟ್ಟದ್ದು.

ಆ ಸಂಜೆ ಭಾವನಿಗೆ ಹೇಳಿದೆ. ಅವರು ಟಿ.ವಿ.ಯಿಂದ ಕಣ್ಣು ತೆಗೆದು ಮರ್ಯಾದೆಯಿಂದಲೇ ಕೇಳಿದರು. "ಹೌದು, ಗಾಳಿಯಲ್ಲಿ ಇಡೀ ನೀರು. ಮಳೆಗಾಲದಲ್ಲಿ ಇಲ್ಲಿ ಎಲ್ಲ ಮನೆಯಲ್ಲೂ ಹಾಗೆಯೇ. ಚಪ್ಪಲಿ ಉಂಟಲ್ಲ ಅಲ್ಲಿ?"

"ಚಪ್ಪಲಿ ಒಂದು ಉಪಾಯ ಅಲ್ಲ ಭಾವ. ವಯರ್‌ಮನ್‌ಗೆ ತೋರಿಸ್ಬೇಕು."

"ಆಯ್ತು. ಮಳೆ ಬಿಡಲಿ, ನೋಡುವ."

ನಾನು ಬಂಟ್ವಾಳಕ್ಕೆ ಹೋದಾಗ ಒಂದು ಟೆಸ್ಟರ್ ತಂದೆ. ಗ್ರೈಂಡರ್ ಓಡುವಾಗ ಅದರ ಮೈಗೆ ಹಿಡಿದರೆ ಟೆಸ್ಟರಿನ ದೀಪ ಉರಿಯಿತು. ಭಾವನನ್ನು ಕರೆದು ತೋರಿಸಿದೆ. "ಈ ಟೆಸ್ಟರ್ ಸುಮ್ಮನೆ ಕೂಡ ಉರಿಯುತ್ತದೆ" ಎಂದು ಹೇಳಿ, ಬೆರಳಿನಿಂದಲೂ ಮುಟ್ಟದೆ ಹೋದರು. ಅತ್ತೆ ಬಾಗಿಲಲ್ಲಿ ನಿಂತು, "ಘಟ್ಟದ ಮೇಲೆ ಮಳೆಯೇ ಇಲ್ಲ, ಅದಕ್ಕೆ ಇವಳಿಗೆ ಹೆದರಿಕೆ" ಎಂದರು. ಶಿವಮೊಗ್ಗದವಳಿಗೆ ಮಳೆಯ ಪಾಠ.

ಒಂದು ದಿನ ಪ್ರೇಮಕ್ಕ ಹಿಂದಿನ ವರ್ಷದ ಕಥೆ ಹೇಳಿದರು. ಹೇಳುವಾಗ ಅದು ದೊಡ್ಡ ವಿಷಯವೆಂದು ಅವರಿಗೆ ಅನಿಸಿರಲಿಲ್ಲ. ಪಡವಲಕಾಯಿ ಹೆಚ್ಚುತ್ತಾ ಹೇಳಿದ್ದು.

"ಹೋದ ಮಳೆಗಾಲದಲ್ಲಿ ನಾನು ಗ್ರೈಂಡರ್ ಹಾಕಿದರೆ ಸಾಕು, ಇಡೀ ಮನೆಯ ಕರೆಂಟು ಹೋಗ್ತಿತ್ತು. ಇವರು ಮ್ಯಾಚ್ ನೋಡ್ತಾ ಇರುವಾಗ ಎರಡು ಸಲ ಹೋಯ್ತು. ಸಿಟ್ಟು ನೆತ್ತಿಗೇರಿತು ಇವರಿಗೆ. ಮರುದಿನ ವಯರ್‌ಮನ್ ಸಂಜೀವಣ್ಣ ಬಂದು ಎಂತದೋ ಮಾಡಿದರು. ಮತ್ತೆ ಹೋಗಲೇ ಇಲ್ಲ."

ನಾನು ಎದ್ದು ಹೋಗಿ ನೋಡಿದೆ. ಮೇನ್ ಬೋರ್ಡ್ ಹಾಲ್‌ನಲ್ಲಿ ಮರದ ಅಲಂಕಾರದ ಬಾಗಿಲಿನ ಹಿಂದಿತ್ತು. ಟ್ರಿಪ್ ಸ್ವಿಚ್ಚು ಅಲ್ಲೇ ಇತ್ತು, ಆದರೆ ವಯರುಗಳು ಅದರೊಳಗೆ ಹೋಗದೆ ಬಳಸಿಕೊಂಡು ಹೋಗಿದ್ದವು. ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಬಿಡಿಸಿ ಹೇಳುವ ಪಾಠವೇ ಇದು. ಮನೆಯೊಳಗೆ ಬಂದ ಕರೆಂಟು ಬಂದಷ್ಟೇ ವಾಪಸು ಹೋಗಬೇಕು. ಸ್ವಲ್ಪ ಬೇರೆಡೆಗೆ ಸೋರಿದರೂ, ಉದಾಹರಣೆಗೆ ಒಬ್ಬ ಮನುಷ್ಯನ ಮೈಯ ಮೂಲಕ ನೆಲಕ್ಕೆ ಹೋದರೂ, ಆ ಸ್ವಿಚ್ಚು ಕಣ್ಣು ಮಿಟುಕಿಸುವುದರೊಳಗೆ ಬಿದ್ದು ಕರೆಂಟು ನಿಲ್ಲಿಸುತ್ತದೆ. ಗ್ರೈಂಡರ್ ಸೋರುತ್ತಿದೆ ಎಂದು ಅದು ಹಿಂದಿನ ವರ್ಷವೇ ಮತ್ತೆ ಮತ್ತೆ ಹೇಳಿತ್ತು. ಹೇಳಿದ್ದಕ್ಕೆ ಅದರ ಬಾಯಿ ಮುಚ್ಚಿಸಿದ್ದರು. ಮ್ಯಾಚ್ ನೋಡಲಿಕ್ಕೆ.

ಇದನ್ನೂ ಭಾವನಿಗೆ ಹೇಳಿದೆ. ಈ ಸಲ ಅವರ ದನಿ ಗಟ್ಟಿಯಾಯಿತು. "ಶಾಲೆಯ ಪಾಠ ಶಾಲೆಯಲ್ಲಿರಲಿ ಸುಧಾ. ಮನೆ ಕಟ್ಟಿಸಿದವನು ನಾನು. ಮಳೆ ಬಿಡಲಿ, ಸಂಜೀವನನ್ನು ಕರೆದು ನೋಡುವ."

ನಾನೇ ಬೇರೆ ವಯರ್‌ಮನ್‌ನನ್ನು ಕರೆಯುತ್ತೇನೆಂದೆ. ಹೊರಗಿನವರನ್ನು ಮನೆಗೆ ಹೊಗಿಸಬೇಡ ಎಂದರು. ಹರೀಶರಿಗೆ ಫೋನ್ ಮಾಡಿದೆ. ಅವರು, "ಅಣ್ಣನ ಹತ್ತಿರ ಜಗಳ ಮಾಡಬೇಡ, ಒಂದು ಮಳೆಗಾಲ ಅಲ್ವಾ?" ಎಂದರು. ಇನ್ನು ಉಳಿದದ್ದು ನಾವಿಬ್ಬರು ಹೆಂಗಸರು. ಮೊದಲು ಗೋಡೆಯ ಸ್ವಿಚ್ಚು ಆರಿಸಬೇಕು, ಪ್ಲಗ್ ತೆಗೆಯಬೇಕು, ಆಮೇಲೆ ಗ್ರೈಂಡರಿಗೆ ಕೈ ಹಾಕಬೇಕು. ಪ್ರೇಮಕ್ಕನಿಗೆ ಹೇಳಿಕೊಟ್ಟೆ. ಅವರು ತಪ್ಪದೆ ಮಾಡುತ್ತಿದ್ದರು. ಅಕ್ಕಿ ಕೆಳಗೆ ತಳ್ಳಬೇಕಾದಾಗೆಲ್ಲ ಆರಿಸುವುದು, ತಳ್ಳುವುದು, ಹಾಕುವುದು. ಅರೆಯುವ ಕೆಲಸ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು. ಅತ್ತೆ ಅದಕ್ಕೂ ಗೊಣಗುತ್ತಿದ್ದರು.

ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳಲ್ಲಿ ಮಳೆ ಬಿಡಲೇ ಇಲ್ಲ. ಗೋಡೆ ಬೆವರುತ್ತಿತ್ತು, ಬಟ್ಟೆ ಒಣಗದೆ ಮುಗ್ಗಲು ವಾಸನೆ, ಉಪ್ಪಿನ ಭರಣಿಯಲ್ಲಿ ನೀರು. ಆಮೇಲೆ ನಾಗರಪಂಚಮಿ ಬಂತು.

ಅಂದು ಶಾಲೆಗೆ ರಜೆ. ನಾಗನಿಗೆ ತಂಬಿಲದ ಪೂಜೆ ಕೊಡಲು ನಾಗಬನಕ್ಕೆ ಹೋಗುವುದೆಂದು ಎಲ್ಲರೂ ಮಿಂದು ತಯಾರಾಗುತ್ತಿದ್ದರು. ಮೊದಲು ಅರಶಿನ ಎಲೆಯ ಗಟ್ಟಿ ಆಗಬೇಕು. ಬೆಳಿಗ್ಗೆಯೇ ಅತ್ತೆ ಅಡುಗೆಮನೆಗೆ ಬಂದು ನೋಡಿ, "ನಾಗನಿಗೆ ಮಾಡುವಾಗ ಚಪ್ಪಲಿ ಹಾಕುವುದಾ? ತೆಗೆದು ಹೊರಗಿಡು" ಎಂದರು. ಪ್ರೇಮಕ್ಕ ತೆಗೆದು ಹೊರಗಿಟ್ಟರು. ನಾನು ಮುಂದಿನ ಕೋಣೆಯಲ್ಲಿ ಹೂ ಕಟ್ಟುತ್ತಿದ್ದೆ. ಈ ಮಾತು ನನಗೆ ಕೇಳಿಸಿತು. ಎದ್ದು, "ಹಾಗಾದ್ರೆ ಅರೆಯೋದು ಬೇಡ, ಮಿಕ್ಸಿಯಲ್ಲಿ ಮಾಡೋಣ" ಎಂದೆ. "ಮಿಕ್ಸಿಯ ಹಿಟ್ಟಿನ ಗಟ್ಟಿ ರಬ್ಬರಿನ ಹಾಗೆ ಆಗ್ತದೆ" ಎಂದರು ಅತ್ತೆ. "ನಾನು ಆರಿಸಿ ಆರಿಸಿ ಅರೆಯುತ್ತೇನೆ, ನೀನು ಹೂ ಕಟ್ಟು" ಎಂದರು ಪ್ರೇಮಕ್ಕ.

ಹಿಟ್ಟು ಗಟ್ಟಿಯಾಗಿ ಕಲ್ಲಿನ ಮೇಲಕ್ಕೆ ಏರುತ್ತಿತ್ತು. ಹೊರಗಿನಿಂದ ಭಾವ, "ಹೊತ್ತಾಯ್ತು" ಎಂದು ಕರೆಯುತ್ತಿದ್ದರು. ಅತ್ತೆ ಮತ್ತೊಮ್ಮೆ ಕರೆದರು. ಒದ್ದೆ ನೆಲ, ಬರಿಗಾಲು, ಹಿಟ್ಟು ಮೆತ್ತಿದ ಒದ್ದೆ ಕೈ. ಪ್ರೇಮಕ್ಕ ಒಂದೇ ಒಂದು ಸಲ ಆರಿಸದೆ ತಳ್ಳಿದರು.

ನನಗೆ ಕೇಳಿಸಿದ್ದು ಕಿರುಚಾಟವಲ್ಲ. ಕಿರುಚಲು ಅವರಿಗೆ ಆಗಲಿಲ್ಲ. ಗಂಟಲಿನಲ್ಲಿ ಸಿಕ್ಕಿಕೊಂಡ ಒಂದು ಸದ್ದು, ಒಡೆದ ಬಾಗಿಲಿನ ಕಿರುಗುಟ್ಟುವಿಕೆಯಂಥದ್ದು. ಓಡಿ ಹೋದೆ. ಪ್ರೇಮಕ್ಕನ ಬಲಗೈ ಗ್ರೈಂಡರಿನ ಅಂಚನ್ನು ಹಿಡಿದಿತ್ತು; ಮೈ ಬಿಲ್ಲಿನಂತೆ ಸೆಟೆದು ನಡುಗುತ್ತಿತ್ತು; ಕಣ್ಣು ನನ್ನ ಕಡೆಗೇ ಇತ್ತು. ಅತ್ತೆ ಅವರ ಸೊಂಟ ಹಿಡಿದು ಎಳೆಯಲು ಕೈ ಚಾಚಿದ್ದರು.

"ಮುಟ್ಬೇಡಿ" ಎಂದು ಅತ್ತೆಯ ಸೆರಗು ಹಿಡಿದು ಹಿಂದಕ್ಕೆ ಎಳೆದೆ. ಅತ್ತೆ ಬಿದ್ದರು. ಗೋಡೆಯ ಸ್ವಿಚ್ಚು ಗ್ರೈಂಡರಿನ ಆಚೆ, ಪ್ರೇಮಕ್ಕನನ್ನು ದಾಟದೆ ಸಿಗದು. ಹಾಲ್‌ಗೆ ಓಡಿದೆ. ಮರದ ಬಾಗಿಲಿಗೆ ಭಾವ ಬೀಗದಂಥ ಒಂದು ಚಿನ್ನದ ಬಣ್ಣದ ಹಿಡಿ ಹಾಕಿಸಿದ್ದರು, ಅದು ತಿರುಗದೆ ಸತಾಯಿಸಿತು. ಎಳೆದ ರಭಸಕ್ಕೆ ಹಿಡಿಯೇ ಕಿತ್ತು ಬಂತು. ಮೇನ್ ಕೆಳಗೆ ಮಾಡಿದೆ. ಹಿಂದಿನಿಂದ ಧೊಪ್ ಎಂದು ಬಿದ್ದ ಸದ್ದು.

ಪ್ರೇಮಕ್ಕ ಒಗೆಯುವ ಕಲ್ಲಿನ ಬುಡದಲ್ಲಿ ಬಿದ್ದಿದ್ದರು. ಉಸಿರು ಇತ್ತು. ಬಲಗೈ ಇರಬಾರದ ಕಡೆಗೆ ತಿರುಗಿತ್ತು. ಅಂಗೈಯಲ್ಲಿ ಬಿಳಿಚಿದ ಸುಟ್ಟ ಗೆರೆ.

ಕಾರು ಹತ್ತುವ ಮೊದಲು ನಾನು ಒಂದು ಕೆಲಸ ಮಾಡಿದೆ. ಮನೆಯ ಮುಂದಿನ ಸಿಟೌಟಿನ ಮೀಟರ್ ಬೋರ್ಡಿನಲ್ಲಿದ್ದ ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ನಾವು ಹೋದ ಮೇಲೆ ಯಾರಾದರೂ ಬಂದು ಮೇನ್ ಮೇಲೆ ಮಾಡಿ ಗಟ್ಟಿಯ ಹಿಟ್ಟು ಮುಗಿಸಿಯಾರು ಎಂಬ ಒಂದೇ ಹೆದರಿಕೆ.

ಬಂಟ್ವಾಳದ ಆಸ್ಪತ್ರೆಯಲ್ಲಿ ಭುಜ ಕೂರಿಸಿದರು. ಕರೆಂಟು ಮಾಂಸಖಂಡಗಳನ್ನು ಎಳೆದ ರಭಸಕ್ಕೇ ಕೀಲು ತಪ್ಪಿದೆ, ಬಿದ್ದದ್ದಕ್ಕಲ್ಲ ಎಂದರು ಡಾಕ್ಟರು. ಹೃದಯದ ಬಡಿತ ನೋಡಲು ಉಳಿಸಿಕೊಂಡರು. ಭಾವ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದರು; ಅವರ ಬಿಳಿ ಪಂಚೆಗೆ ಹಿಟ್ಟು ಮೆತ್ತಿತ್ತು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಕನಿಕರ ಬಂದದ್ದು ನಿಜ.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಂಟರು ಬರತೊಡಗಿದರು. ಅತ್ತೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಚಪ್ಪಲಿ ಹಾಕಿರಲಿಲ್ಲ ಅವಳು. ಎಷ್ಟು ಸಲ ಹೇಳುವುದು?" ಬಂದವರು ತಲೆದೂಗಿದರು. ಹೌದು, ಜಾಗ್ರತೆ ಬೇಕು, ಹೆಂಗಸರಿಗೆ ಅವಸರ. ಒಬ್ಬರು ಮಾವ ಗಂಟಲು ಸರಿಮಾಡಿಕೊಂಡು, "ನಾಗರಪಂಚಮಿಯ ದಿನವೇ ಆಯ್ತು ಅಂದರೆ ಎಂತದೋ ದೋಷ ಉಂಟು ಜಗನ್ನಾಥ. ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡುವ" ಎಂದರು. ಭಾವ ತಲೆ ಎತ್ತಿದರು. ಅವರ ಮುಖದಲ್ಲಿ ಬಂದ ಸಮಾಧಾನವನ್ನು ನಾನು ಕಣ್ಣಾರೆ ಕಂಡೆ. ತಪ್ಪು ಚಪ್ಪಲಿಯದ್ದು, ಇಲ್ಲದಿದ್ದರೆ ನಾಗನದ್ದು.

"ಚಪ್ಪಲಿ ತೆಗೆಸಿದ್ದು ಯಾರು ಅತ್ತೆ?" ಎಂದು ಕೇಳಿದೆ. ಎಲ್ಲರ ಎದುರಿಗೆ. ಆ ಮಾವ, "ಆಸ್ಪತ್ರೆಯಲ್ಲಿ ಇದೆಲ್ಲ ಬೇಡ" ಎಂದರು.

ಸಂಜೆ ಅತ್ತೆಯನ್ನೂ ನನ್ನನ್ನೂ ಭಾವ ಮನೆಗೆ ಕರೆತಂದರು. ಎಮರ್ಜೆನ್ಸಿ ದೀಪವೊಂದನ್ನು ಹಚ್ಚಿಕೊಂಡೆವು. ಭಾವ ಫ್ಯೂಸು ಕೇಳಿದರು. ಕೊಡುವುದಿಲ್ಲ ಎಂದೆ.

"ಹುಡುಗಾಟ ಮಾಡಬೇಡ ಸುಧಾ. ಫ್ರಿಜ್‌ನಲ್ಲಿ ಮೀನುಂಟು. ಬೆಳಿಗ್ಗೆ ಪಂಪ್ ಹಾಕದಿದ್ದರೆ ಟ್ಯಾಂಕಿಯಲ್ಲಿ ನೀರಿಲ್ಲ."

"ವಯರ್‌ಮನ್ ಬರ್ಲಿ. ಅವರ ಕೈಗೆ ಕೊಡ್ತೀನಿ."

"ಇದು ಯಾರ ಮನೆ ಅಂತ ಗೊತ್ತುಂಟಾ ನಿನಗೆ?"

"ಗೊತ್ತು. ಪ್ರೇಮಕ್ಕನ ಮನೆ ಕೂಡ. ಅವರು ವಾಪಸು ಬರೋದು ಇದೇ ಮನೆಗೆ."

ಭಾವ ಹರೀಶರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಹರೀಶ ಏನೋ ಹೇಳಲು ಹೊರಟರು. ನಾನು, "ನಿಮ್ಮ ಅತ್ತಿಗೆ ಅರ್ಧ ಸತ್ತು ಉಳಿದಿದ್ದಾರೆ. ಜಗಳ ಮಾಡ್ಬೇಡ ಅಂತ ಇನ್ನೊಂದು ಸಲ ಹೇಳಿದ್ರೆ ನಾನು ನಾಳೆ ಶಿವಮೊಗ್ಗದ ಬಸ್ಸು ಹತ್ತುತ್ತೀನಿ" ಎಂದೆ. "ಫೋನ್ ಅಣ್ಣನಿಗೆ ಕೊಡು" ಎಂದರು ಹರೀಶ. ಅಣ್ಣ ತಮ್ಮ ಏನು ಮಾತಾಡಿದರೋ, ಭಾವ ನನ್ನ ಹತ್ತಿರ ಮತ್ತೆ ಫ್ಯೂಸು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸಂಜೀವಣ್ಣ ಬಂದರು. ಬಾವಿಯಿಂದ ನೀರು ಸೇದಿ ಸೇದಿ ಭಾವನ ಅಂಗೈ ಕೆಂಪಾಗಿತ್ತು. ಅತ್ತೆ ಸಿಟೌಟಿನಲ್ಲಿ ಕೂತಿದ್ದರು. ಸಂಜೀವಣ್ಣ ಟ್ರಿಪ್ ಸ್ವಿಚ್ಚಿನ ಮುಂದೆ ನಿಂತು, "ಸಾವ್ಕಾರ್ರು ಹೇಳಿದ್ದಕ್ಕೆ ಮಾಡಿದ್ದು. ನಾನು ಬೇಡ ಅಂತಲೇ ಹೇಳಿದ್ದೆ" ಎಂದು ಮೆಲ್ಲಗೆ ಹೇಳಿದರು. ಬೇಡ ಎಂದವರೇ ಕೈಯಾರೆ ಮಾಡಿದರು. ಅವರ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ.

"ಅದು ಇಲ್ಲದಿದ್ರೂ ಅರ್ಥಿಂಗ್ ಸರಿ ಇದ್ದಿದ್ರೆ ಗ್ರೈಂಡರ್ ಇಷ್ಟು ಹೊಡೀತಿರಲಿಲ್ಲ. ಅರ್ಥಿಂಗ್ ಎಲ್ಲಿ ಮಾಡಿದ್ದೀರಿ?" ಎಂದು ಕೇಳಿದೆ. ಸೋರಿದ ಕರೆಂಟನ್ನು ನೇರ ಮಣ್ಣಿಗೆ ಒಯ್ಯುವ ಪೈಪೊಂದು ಮನೆಯ ಬದಿಯಲ್ಲಿ ಎಲ್ಲಾದರೂ ಹುಗಿದಿರಬೇಕು. ನಾನು ಮನೆಯ ಸುತ್ತ ಹುಡುಕಿದ್ದೆ, ಕಂಡಿರಲಿಲ್ಲ.

ಸಂಜೀವಣ್ಣ ಅಂಗಳದ ಕಡೆ ನೋಡಿದರು. ಆಮೇಲೆ ಭಾವನ ಕಡೆ.

"ಹೇಳಿ" ಎಂದೆ.

"ಅಲ್ಲಿ ಇತ್ತು" ಎಂದು ತಾವರೆಯ ಒಂದು ಎಸಳನ್ನು ತೋರಿಸಿದರು. "ಇಂಟರ್‌ಲಾಕ್ ಹಾಕುವಾಗ ಪೈಪು ಮೇಲೆ ಕಾಣ್ತದೆ, ಚಂದ ಇಲ್ಲ ಅಂತ ಸಾವ್ಕಾರ್ರು ಕತ್ತರಿಸಲಿಕ್ಕೆ ಹೇಳಿದರು. ಬೇರೆ ಕಡೆ ಹಾಕುವ ಅಂತ ಇತ್ತು. ಮತ್ತೆ ಮಳೆ ಬಂತು."

ಅತ್ತೆ ನಿಧಾನಕ್ಕೆ ಮಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ ಇದು?"

ಭಾವ ಅಂಗಳವನ್ನೇ ನೋಡುತ್ತಾ ಹೇಳಿದರು, "ಇಷ್ಟೆಲ್ಲ ಆಗ್ತದೆ ಅಂತ ಯಾರಿಗೆ ಗೊತ್ತು? ನಾನು ಏನು ಬೇಕಂತ ಮಾಡಿದ್ದಾ?"

ಬೇಕಂತ ಮಾಡಲಿಲ್ಲ. ಅದು ನನಗೂ ಗೊತ್ತು. ಆದರೆ ಆ ಮನೆಯಲ್ಲಿ ಗಂಡಸರು ಮುಟ್ಟುವುದೆಲ್ಲ ಪ್ಲಾಸ್ಟಿಕ್ಕು: ರಿಮೋಟು, ಮೊಬೈಲು, ದೀಪದ ಸ್ವಿಚ್ಚು. ಹೆಂಗಸರು ಮುಟ್ಟುವುದೆಲ್ಲ ಲೋಹ: ಗ್ರೈಂಡರು, ವಾಷಿಂಗ್ ಮೆಷಿನ್ನು, ಗೀಸರಿನ ನಲ್ಲಿ, ಅದೂ ಒದ್ದೆ ಕೈಯಲ್ಲಿ. ಜುಮ್ ಎನ್ನುವುದು ಒಂದೇ ಒಂದು ಸಲ ಟಿ.ವಿ. ರಿಮೋಟಿನಲ್ಲಿ ಆಗಿದ್ದರೆ ಸಂಜೀವಣ್ಣ ಅದೇ ಸಂಜೆ ಮಳೆಯಲ್ಲೇ ಬರುತ್ತಿದ್ದರು. ಇದನ್ನು ಅಲ್ಲೇ ಹೇಳಿದೆ.

ತಾವರೆಯನ್ನು ಕಿತ್ತರು. ಕತ್ತರಿಸಿದ ಪೈಪಿನ ತುದಿ ಕೆಸರಿನಲ್ಲಿ ಇತ್ತು, ಹಲ್ಲು ಕಿತ್ತ ವಸಡಿನ ಹಾಗೆ. ಹೊಸ ಗುಂಡಿ ತೋಡಿ, ಹೊಸ ಪೈಪು ಇಳಿಸಿ, ಅಲ್ಲಿಂದ ಅಡುಗೆಮನೆಯ ಹಿಂದಿನವರೆಗೆ ವಯರು ಎಳೆದರು. ಹೊಸ ಟ್ರಿಪ್ ಸ್ವಿಚ್ಚು ಕೂರಿಸಿದರು. ನಾನು ಫ್ಯೂಸು ಕೊಟ್ಟೆ. ಗ್ರೈಂಡರ್ ಹಾಕಿ ನೋಡಿದರು. ಹಾಕಿದ ಕ್ಷಣವೇ ಟಪ್ ಎಂದು ಸ್ವಿಚ್ಚು ಬಿದ್ದು ಇಡೀ ಮನೆಯ ಕರೆಂಟು ಹೋಯಿತು. ಮಳೆ ಜೋರಾಗಿ ಸುರಿಯುತ್ತಿತ್ತು. ಅಷ್ಟೂ ಕೆಲಸ ಆ ಮಳೆಯಲ್ಲೇ ಆಗಿತ್ತು.

ಪ್ರೇಮಕ್ಕ ಬಲಗೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ಮನೆಗೆ ಬಂದ ದಿನ ನಾನು ಅವರ ತಲೆ ಬಾಚುತ್ತಿದ್ದೆ.

"ನೀನು ಬರುವ ಮೊದಲು ಅವರಿಗೆ ನಾನೂ ಹೇಳಿದ್ದೆ, ಗ್ರೈಂಡರ್ ಹಿಡೀತದೆ ಅಂತ" ಎಂದರು. "ನಿನಗೆ ಚಳಿ, ಅದಕ್ಕೆ ಮೈ ಜುಮ್ ಅಂತದೆ ಅಂದರು. ಹೇಳಿ ಹೇಳಿ ನನಗೂ ಚಳಿಯೇ ಇರಬೇಕು ಅಂತ ಆಗಿತ್ತು." ನನ್ನ ಕಡೆ ತಿರುಗಿ ಕೇಳಿದರು, "ನಾನು ಅಲ್ಲಿ ಹಿಡಿದುಕೊಂಡು ನಿಂತಾಗ ಎಲ್ಲ ಗೊತ್ತಾಗ್ತಿತ್ತು ಸುಧಾ. ಅತ್ತೆ ಕೂಗಿದ್ದು, ನೀನು ಓಡಿದ್ದು. ಬಿಡಲಿಕ್ಕೆ ಮಾತ್ರ ಆಗಲಿಲ್ಲ. ಕೈ ನನ್ನದಲ್ಲ ಅನಿಸಿತು. ಆ ಸ್ವಿಚ್ಚು ಇದ್ದಿದ್ದರೆ?"

"ಕೈ ತಾಗಿದ ಕೂಡ್ಲೇ ಬೀಳ್ತಿತ್ತು. ಒಂದು ಪೆಟ್ಟು ಅನಿಸ್ತಿತ್ತು, ಅಷ್ಟೆ."

ಅವರು ಅಳಲಿಲ್ಲ. "ನನಗೆ ಅದನ್ನು ತೋರಿಸು" ಎಂದು ಎದ್ದರು. ಹಾಲ್‌ಗೆ ಹೋಗಿ ಹಿಡಿ ಕಿತ್ತ ಬಾಗಿಲು ತೆರೆದು ಒಂದೊಂದನ್ನೇ ಕೇಳಿ ತಿಳಿದುಕೊಂಡರು: ಇದು ಯಾವುದಕ್ಕೆ, ಅದು ಬಿದ್ದರೆ ಏನು ಅರ್ಥ, ಎತ್ತುವ ಮೊದಲು ಏನು ನೋಡಬೇಕು.

ಪ್ರಶ್ನೆ ಇಟ್ಟರು. ದೋಷ ಕಂಡಿತು. ಅದಕ್ಕೆ ಬೇಕಾದ ಸೇವೆಯೂ ಆಯಿತು. ಭಾವ ಈಗ ಬಂದವರಿಗೆ, "ನಾಗ ಕಾಪಾಡಿದ, ಇಲ್ಲದಿದ್ದರೆ ಕಷ್ಟ ಇತ್ತು" ಎನ್ನುತ್ತಾರೆ. ಅಂಗಡಿಗೆ ಬರುವವರಿಗೆ ಅರ್ಥಿಂಗ್ ಬಗ್ಗೆ ಬುದ್ಧಿ ಹೇಳುತ್ತಾರೆ ಎಂದೂ ಕೇಳಿದ್ದೇನೆ. ಒಳ್ಳೆಯದೇ. ಆದರೆ ಪ್ರೇಮಕ್ಕನ ಹತ್ತಿರ, ನನ್ನಿಂದ ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಇವತ್ತಿನವರೆಗೆ ಬಂದಿಲ್ಲ. ಅಕ್ಟೋಬರಿನಲ್ಲಿ ನಾನು ಬೇರೆ ಬಾಡಿಗೆ ಮನೆ ನೋಡಿಕೊಂಡೆ. ಆಮೇಲೆ ಮಿಜಾರಿನ ಕಡೆಗೆ ವರ್ಗವಾಯಿತು. ಹೋಗಿ ಬರುವುದು ಉಂಟು. ಭಾವ ಮರ್ಯಾದೆಯಿಂದ, "ಬಾ, ಕೂತುಕೋ" ಎನ್ನುತ್ತಾರೆ. ನಾನೂ ಮರ್ಯಾದೆಯಿಂದ ಕೂರುತ್ತೇನೆ.

ಪ್ರೇಮಕ್ಕನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಟ್ರಿಪ್ ಸ್ವಿಚ್ಚಿನಲ್ಲಿ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಸ್ವಿಚ್ಚು ಬೀಳಬೇಕು, ಬಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಪ್ರತಿ ತಿಂಗಳ ಸಂಕ್ರಮಣದ ಸಂಜೆ ಅವರು ದೇವರ ದೀಪ ಹಚ್ಚಿ, ಹಾಲ್‌ಗೆ ಬಂದು, ಎಡಗೈ ಎತ್ತಿ ಆ ಗುಂಡಿ ಒತ್ತುತ್ತಾರೆ. ಹೋದ ತಿಂಗಳು ನಾನು ಅಲ್ಲೇ ಇದ್ದೆ. ಟಿ.ವಿ., ಫ್ಯಾನು, ಮೇಲ್ಛಾವಣಿಯ ಅಷ್ಟೂ ದೀಪಗಳು ಒಟ್ಟಿಗೆ ನಿಂತವು.

"ಎಂತ ಮಾರಾಯ್ತಿ ಇದು, ನ್ಯೂಸ್ ನೋಡ್ತಾ ಇದ್ದೇನೆ" ಎಂದರು ಭಾವ ಕತ್ತಲಿನಿಂದ.

ಸ್ವಿಚ್ಚು ಮೇಲೆತ್ತಲು ಪ್ರೇಮಕ್ಕನಿಗೆ ಏನೂ ಅವಸರವಿರಲಿಲ್ಲ.